ಗೊರಬು ತಂದ ಮಗು ‘ಗರಬ’ ಎಂದೇ ಬರೆಯಲಿ

ಶಿವಮೊಗ್ಗ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಬಹಿರಂಗ ಪತ್ರ

ಮಾನ್ಯರೇ,

ಒಂದರಿಂದ ಐದನೇ ತರಗತಿಯ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಅವಧಿ, 40 ನಿಮಿಷ, ಮಕ್ಕಳು ಮನೆಯಿಂದ ತಂದ ವಸ್ತುವಿನ ಮಾತಿಗೆ ಬಿಟ್ಟುಕೊಡಿ ಎಂದು ಕೇಳಲು ಈ ಪತ್ರ. ತಿಂಗಳ ಮೂರನೇ ಶನಿವಾರ, ಮಕ್ಕಳು ಚೀಲವಿಲ್ಲದೆ ಬರುವ ‘ಸಂಭ್ರಮ ಶನಿವಾರ’ ಇದೆಯಲ್ಲ ಎನ್ನಬಹುದು. ಇದೆ. ಆದರೆ ಇಡೀ ಶಾಲೆ ಒಟ್ಟಿಗೆ ಕೂತಾಗ ಎದ್ದು ಮಾತಾಡುವುದು ಹೇಗೂ ಮಾತು ಬಲ್ಲ ನಾಲ್ಕೈದು ಮಕ್ಕಳು; ಉಳಿದವರು ಚಪ್ಪಾಳೆಗೆ. ಆರಿದ್ರಾ, ಪುನರ್ವಸು ಹಿಡಿದು ಮಳೆ ರಜೆ ಕೊಟ್ಟರೆ ಅದೂ ಇಲ್ಲ.

ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವುದು ನಲಿಕಲಿ. 20 ಮಕ್ಕಳ ನಲಿಕಲಿ ತರಗತಿಯಲ್ಲಿ ವಾರಕ್ಕೆ ನಾಲ್ವರ ಸರದಿ, ಐದು ವಾರಕ್ಕೆ ಒಂದು ಸುತ್ತು. ಮಗು ತಾನೇ ಹೊತ್ತು ತರುವಂಥದ್ದು, ಅದಕ್ಕೆಂದೇ ಅಂಗಡಿಯಿಂದ ಕೊಳ್ಳದ್ದು ಆಗಿರಬೇಕು. ಕತ್ತಿ ಬೇಡ, ಬಂಗಾರ ಬೇಡ, ಜೀವ ಇರುವುದು ಬೇಡ. (ಕೊನೆಯದನ್ನು ಮೊದಲ ದಿನವೇ ಹೇಳಿಬಿಡಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಬಾಟಲಿಯೊಳಗೆ ಉಂಬಳ ಬಂದೇ ಬರುತ್ತದೆ.) ‘ಅಜ್ಜನ ಕಾಲದ ವಸ್ತು ತನ್ನಿ’ ಎಂದೂ ಹೇಳಬಾರದು. ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರ ಮಕ್ಕಳಿಗೆ ಅಜ್ಜನ ಮನೆ ಎಲ್ಲೋ ದೂರದಲ್ಲಿರುತ್ತದೆ. ದಾರಿಯಲ್ಲಿ ಸಿಕ್ಕಿದ್ದೂ ಆದೀತು.

ಒಬ್ಬರಿಗೆ ಆರು ನಿಮಿಷ. ವಸ್ತುವನ್ನು ಗುಂಡು ಮೇಜಿನ ಮೇಲಿಟ್ಟ ಮೊದಲ ನಿಮಿಷ ಶಿಕ್ಷಕರು ಬಾಯಿ ಬಿಡಬಾರದು. ಅದು ಕೈಯಿಂದ ಕೈಗೆ ದಾಟಲಿ, ಮೂಸಿ ನೋಡಲಿ, ತೂಕ ನೋಡಲಿ. ‘ಇದೇನು?’ ಎಂದರೆ ಒಂದೇ ಪದದ ಉತ್ತರ ಬಂದು ಮಾತು ಮುಗಿಯುತ್ತದೆ. ‘ಉಪಯೋಗವೇನು?’ ಎಂದರೆ ಪರೀಕ್ಷೆಯ ಉತ್ತರ. ಮನೆಯಲ್ಲಿ ಇದು ಎಲ್ಲಿರುತ್ತದೆ, ಯಾರು ಮುಟ್ಟಿದರೆ ಬೈಗುಳ, ಮುರಿದರೆ ಸರಿಮಾಡುವವರು ಯಾರು ಎಂದು ಕೇಳಿದರೆ ಮಗುವಿಗೆ ಹೇಳಲು ಏನಾದರೂ ಇದ್ದೇ ಇರುತ್ತದೆ. ತುಳು, ಕೊಂಕಣಿ, ಉರ್ದು, ಲಂಬಾಣಿ ಮನೆಮಾತಿನ ಮಗು ಮನೆಯಲ್ಲಿ ಕರೆಯುವ ಹೆಸರನ್ನೇ ಮೊದಲು ಹೇಳಲಿ. ಅದನ್ನು ಕನ್ನಡ ಅಕ್ಷರದಲ್ಲಿ ಹಲಗೆಯ ಮೇಲೆ ಬರೆದರಾಯಿತು.

ಉಳಿದ 16 ನಿಮಿಷ ಚಿತ್ರಕ್ಕೆ ಮತ್ತು ಬರವಣಿಗೆಗೆ. ನಾಲ್ವರಿಗೆ ಅರ್ಧರ್ಧ ಡ್ರಾಯಿಂಗ್ ಹಾಳೆ, ಮಿಕ್ಕವರಿಗೆ ಗೋಡೆ ಹಲಗೆ ಮತ್ತು ಸೀಮೆಸುಣ್ಣ.

ಹೆಚ್ಚು ಎಡವುವುದು ಬರವಣಿಗೆಯಲ್ಲೇ. ನಲಿಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲವೆಂದು ತಮಗೆ ಗೊತ್ತೇ ಇದೆ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಮೊದಲ ಗುಂಪು ಮುಗಿಸಿದ ಮಗು ಮಣಿಸರ ತಂದರೆ ‘ಸರ’ ಎಂದು ಯಾರ ನೆರವೂ ಇಲ್ಲದೆ ಬರೆಯುತ್ತದೆ. ಗರಗಸವನ್ನೂ ಬರೆಯುತ್ತದೆ, ತರಲು ಮಾತ್ರ ನಾವು ಬಿಡುವುದಿಲ್ಲ. ಎರಡನೇ ಗುಂಪು ಮುಗಿಸಿ ಗುಣಿತಾಕ್ಷರಕ್ಕೆ ಇನ್ನೂ ಬಾರದ ಮಗು ಗೊರಬು (ಮಳೆಗೆ ತಲೆ, ಬೆನ್ನು ಮುಚ್ಚುವ ಬಿದಿರು-ಎಲೆಯ ಹೊದಿಕೆ) ಹೊದ್ದು ಬಂದರೆ ಚಿತ್ರದ ಕೆಳಗೆ ‘ಗರಬ’ ಎಂದು ಬರೆದೀತು. ಅದು ಕಲಿಕಾ ಏಣಿಯಲ್ಲಿ, ಅಂದರೆ ನಲಿಕಲಿಯ ಮೆಟ್ಟಿಲು ಮೆಟ್ಟಿಲಾದ ಕಲಿಕೆಯ ಪಟ್ಟಿಯಲ್ಲಿ, ಮಗು ಎಲ್ಲಿದೆ ಎಂಬುದರ ಗುರುತು. ಅದರ ಮೇಲೆ ಕೆಂಪು ಶಾಯಿ ಬಿದ್ದರೆ, ಮುಂದಿನ ಸರದಿಗೆ ಮಗು ತರುವುದು ಬರೆಯಲು ಸುಲಭವಾದ ಹೆಸರಿನ ವಸ್ತುವನ್ನು, ಹೇಳಬೇಕೆನಿಸಿದ್ದನ್ನಲ್ಲ. ಪಕ್ಕದಲ್ಲಿ ಶಿಕ್ಷಕರು ಮಗುವಿನ ಎರಡು ಮೂರು ವಾಕ್ಯಗಳನ್ನು ಬರೆದಿಡಬೇಕು, ಅದರದೇ ಮಾತಿನಲ್ಲಿ. ‘ಗೊರಬು ಹಾಕ್ಕಂಡ್ರೆ ಅಜ್ಜಿ ಆಮೆ ತರ ಕಾಣ್ತದೆ’ ಎಂದರೆ ಹಾಗೆಯೇ. ಅದನ್ನು ‘ಗೊರಬು ಮಳೆಯಿಂದ ರಕ್ಷಣೆ ನೀಡುತ್ತದೆ’ ಎಂದು ತಿದ್ದಿದರೆ ಅಜ್ಜಿಯೂ ಹೋದಳು, ಆಮೆಯೂ ಹೋಯಿತು. ನಾಲ್ಕು, ಐದನೇ ತರಗತಿಯವರು ತಾವೇ ಬರೆದುಕೊಳ್ಳುತ್ತಾರೆ.

ಸಾಮಗ್ರಿಯ ವಿಚಾರ. ಮಲೆನಾಡಿನ ಥಂಡಿಗೆ ಸ್ಕೆಚ್ ಪೆನ್ನಿನ ಬಣ್ಣ ಹರಡುತ್ತದೆ, ಮೇಣದ ಬಣ್ಣವೇ ಸರಿ. ಮಕ್ಕಳ ಕೆಲಸ ತೂಗುಹಾಕಲು ತರಗತಿಯಲ್ಲಿ ತಲೆಯ ಮೇಲೆ ಕಟ್ಟಿದ ಚಪ್ಪರದ ದಾರಕ್ಕೆ ಹಾಳೆಯನ್ನು ಸ್ಟೇಪ್ಲರ್ ಪಿನ್‌ನಿಂದ ಹೊಡೆದರೆ ತುಕ್ಕಿನ ಕಲೆ. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ ಸಾಕು. ಮೈದಾ ಅಂಟಿಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಮೈಲುತುತ್ತ ಬೆರೆಸುವ ಹಳೆಯ ಉಪಾಯ ವಿಷ, ಮಕ್ಕಳ ಕೈಗೆ ಸಲ್ಲದು. ಮಣ್ಣಿನ ಕೆಲಸ ದೀಪಾವಳಿ ಕಳೆದ ಮೇಲೆ ಇರಲಿ, ಹೆಬ್ಬೆರಳಿಗಿಂತ ದಪ್ಪ ಬೇಡ. ದಪ್ಪವಾದರೆ ಹೊರಮೈ ಒಣಗಿ ಒಳಗೆ ಹಸಿಯುಳಿದು ಬಿರುಕು ಬಿಡುತ್ತದೆ.

ಇನ್ನು ನಮ್ಮ ಭಯ. ಒಳ್ಳೆಯದೆನಿಸಿದ್ದಕ್ಕೆಲ್ಲ ಇಲಾಖೆ ಬಹುಮಾನ ಇಡುತ್ತದೆ, ಫೋಟೊ ಕೇಳುತ್ತದೆ. ಬಹುಮಾನ ಇಟ್ಟರೆ ಎರಡನೇ ವಾರಕ್ಕೇ ಅಪ್ಪ ಮಾಡಿಕೊಟ್ಟ ಥರ್ಮಾಕೋಲ್ ಮನೆ ಮೇಜಿಗೆ ಬರುತ್ತದೆ. ಫೋಟೊ ಅಪ್‌ಲೋಡ್ ಮಾಡಿ ಎಂದರೆ ಚೆಂದ ಕಾಣುವುದಕ್ಕೇ ಸರದಿ: ಭೂಮಿ ಹುಣ್ಣಿಮೆಯ ಬುಟ್ಟಿ, ಅದರ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಚಿತ್ತಾರ. ತುಕ್ಕು ಹಿಡಿದ ಸೈಕಲ್ ಬೆಲ್ಲಿನ ಮುಚ್ಚಳ ತಂದ ಮಗು ಹಿಂದಿನ ಸಾಲಿಗೆ.

ಆದೇಶ ಮೂರು ಸಾಲಿನದಾದರೆ ಸಾಕು. ವಾರಕ್ಕೊಂದು ಅವಧಿ. ಸ್ಪರ್ಧೆ, ಫೋಟೊ, ವರದಿ ಯಾವುದೂ ಇಲ್ಲ. ವಾರಕ್ಕೆ ಎರಡು ಹಾಳೆಯಂತೆ 30 ವಾರಕ್ಕೆ ಒಂದು ತರಗತಿಗೆ 60 ಡ್ರಾಯಿಂಗ್ ಹಾಳೆಗಳನ್ನು ಶಾಲಾ ಅನುದಾನದಿಂದ ಕೊಳ್ಳಲು ಅನುಮತಿ. ಭೇಟಿಗೆ ಬರುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರು ದಾಖಲೆ ಪುಸ್ತಕ ಕೇಳದೆ ಜಮಖಾನದ ಮೇಲೆ ಕೂತು ಒಂದು ಅವಧಿ ಕೇಳಿಸಿಕೊಳ್ಳಲಿ. ಬರುವಾಗ ತಮ್ಮ ಮನೆಯದೊಂದು ವಸ್ತುವನ್ನೂ ತರಲಿ. ಅವರ ಸರದಿ ಐದನೆಯದು.

ಇಂತಿ,
ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು