ಅತ್ತಿಗೆಗೆ, ಮತ್ತೆ ಉಳಿದ ಎಲ್ಲರಿಗೂ

ಮೊನ್ನೆ ಹೈದರಾಬಾದಿನಲ್ಲಿ ತಪಾಸಣೆ ಮುಗಿಯಿತು. ಎಡಗಣ್ಣಿನ ಮೇಲ್ಪದರ ಗಟ್ಟಿಯಾಗಿ ನಿಂತಿದೆ, ರಕ್ತನಾಳಗಳು ಮತ್ತೆ ಒಳಗೆ ನುಗ್ಗಿಲ್ಲ ಅಂದರು. ಬೋರ್ಡಿನ ಮೇಲಿನ ಮೂರು ಸಾಲು ಓದಿದೆ. ನಾಲ್ಕನೆಯದನ್ನು ಸುಮ್ನೆ ಊಹಿಸಿ ಹೇಳಿದೆ, ಡಾಕ್ಟರಿಗೆ ಗೊತ್ತಾಗಿ ನಕ್ಕರು. ಫೋನ್ ಮಾಡಿದವರಿಗೆಲ್ಲ "ಹೂಂ, ಆರಾಮು" ಅಂತ ಎರಡೇ ಮಾತು ಹೇಳಿ ಇಟ್ಟಿದ್ದೇನೆ. ಅಷ್ಟಕ್ಕೇ ಮುಗಿಸುವ ಋಣ ಇದಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯದ ಅಡಿಕೆ ತೋಟ ಶಿರಸಿ ಸೀಮೆಯಲ್ಲಿ ಎಲ್ಲಿದೆ? ಒಂದು ಕೇಜಿ ಮೈಲುತುತ್ತು, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಅರಳಿಸುವಾಗ ಕೊತಕೊತ ಕುದಿದು ಎಡಗಣ್ಣಿಗೆ ಸಿಡಿಯಿತು. ಆ ಕತೆ ಇಷ್ಟು ಸಾಕು.

ಮೊದಲ ನಮಸ್ಕಾರ ಅಡಿಕೆ ಮರ ಹತ್ತುವ ನಮ್ಮ ಕೊನೆಗೌಡನಿಗೆ. ನನ್ನ ಕೂಗು ಕೇಳಿ ಮರದಿಂದ ಜಾರಿ ಬಂದವನೇ ಏನು ಎತ್ತ ಕೇಳದೆ ಅಬ್ಬಿ ನೀರಿನ ಕೆಳಗೆ ನನ್ನ ತಲೆ ಒತ್ತಿ ಹಿಡಿದ. ನಾನು ಬೈದೆ, ಕೊಸರಾಡಿದೆ. ಅವನು ಬೆರಳಲ್ಲಿ ರೆಪ್ಪೆ ಬಿಡಿಸಿ ಹಿಡಿದುಕೊಂಡೇ ಇದ್ದ, ಕಾರು ಬರುವ ತನಕ ಬಿಡಲಿಲ್ಲ. ಆಮೇಲೆ ತಿಳಿಯಿತು, ಆಸಿಡ್ ಬಿದ್ದರೆ ಬಿದ್ದ ಜಾಗ ಗಟ್ಟಿಯಾಗಿ ಸುಡುವುದು ಸ್ವಲ್ಪ ಮಟ್ಟಿಗೆ ಅಲ್ಲೇ ತಡೆಯುತ್ತದೆ, ಸುಣ್ಣದಂಥ ಕ್ಷಾರ ಹಾಗಲ್ಲ, ಅಂಗಾಂಶದ ಕೊಬ್ಬನ್ನೇ ಕರಗಿಸಿಕೊಂಡು ಒಳಗೊಳಗೇ ಇಳಿಯುತ್ತ ಹೋಗುತ್ತದೆ. ಹಾಗಾಗಿ ಮೊದಲ ಅರ್ಧ ಗಂಟೆ ಸುರಿದ ನೀರಿಗಿಂತ ದೊಡ್ಡ ಔಷಧಿ ಇಲ್ಲವಂತೆ. ಅದಾದ ಮೇಲೆ ಹೋದ ಕ್ಲಿನಿಕ್ಕಿನಲ್ಲಿ ಮುಲಾಮು ಹಚ್ಚಿ ಪಟ್ಟಿ ಕಟ್ಟಿ ಕಳಿಸಿದರು. ಮೇಲಿನ ರೆಪ್ಪೆ ಮಡಚಿ ನೋಡಲೇ ಇಲ್ಲ. ಅಲ್ಲಿ ಕೂತಿದ್ದ ಸುಣ್ಣದ ಹರಳು ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವ ತನಕ ಸುಡುತ್ತಲೇ ಇತ್ತು. ಹೆಸರು ಬೇಡ, ಬಿಡಿ.

ಈಗ ಅತ್ತಿಗೆ.

ನನ್ನ ಹೆಂಡತಿ ಆಗ ತುಂಬು ಬಸುರಿ, ಸಿದ್ದಾಪುರದ ತವರಿನಲ್ಲಿದ್ದಳು. ಅವಳಿಗೆ ಪೂರ್ತಿ ವಿಷಯ ಹೇಳುವ ಹಾಗಿರಲಿಲ್ಲ. ಅಣ್ಣನಿಗೆ ತೋಟ ಬಿಟ್ಟು ಬರಲು ಆಗುತ್ತಿರಲಿಲ್ಲ, ಅರ್ಧ ತೋಟಕ್ಕೆ ಔಷಧಿ ಬಾಕಿ, ಮಳೆ ಬೇರೆ ಹಿಡಿದಿತ್ತು. ಅತ್ತಿಗೆ ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ಕಾರು ಹತ್ತಿದರು. "ಯಾರು ಹೋಗುವುದು" ಅನ್ನುವ ಮಾತೇ ಮನೆಯಲ್ಲಿ ಏಳಲಿಲ್ಲ, ಅವರು ಏಳಗೊಡಲಿಲ್ಲ.

ಹುಬ್ಬಳ್ಳಿಯ ವಾರ್ಡಿನಲ್ಲಿ ಗಂಟೆಗೊಮ್ಮೆ ಹನಿ ಹಾಕಬೇಕಿತ್ತು, ಹಗಲೂ ರಾತ್ರಿಯೂ. ಉರಿಯೂತ ಇಳಿಸಲು ಒಂದು, ಸೋಂಕು ತಗಲದ ಹಾಗೆ ಒಂದು, ವಿಟಮಿನ್ ಸಿ ಇರುವುದು ಇನ್ನೊಂದು. ಮೂರೂ ಬಾಟಲಿ ಒಂದೇ ಅಳತೆ. ರಾತ್ರಿ ಲೈಟ್ ಹಾಕಿದರೆ ನನಗೆ ಕಣ್ಣಿಗೆ ಚುಚ್ಚುತ್ತಿತ್ತು, ಪಕ್ಕದ ಹಾಸಿಗೆಯವರಿಗೂ ತೊಂದರೆ. ಅತ್ತಿಗೆ ಸೀರೆ ಸೆರಗಿನ ಕುಚ್ಚಿನಿಂದ ದಾರ ಕಿತ್ತು ಬಾಟಲಿಗಳ ಕತ್ತಿಗೆ ಕಟ್ಟಿದರು. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಮೂರನೆಯದಕ್ಕೆ ದಾರವೇ ಇಲ್ಲ. ಕತ್ತಲಲ್ಲಿ ತಡವಿಯೇ ಯಾವುದು ಯಾವುದೆಂದು ಹೇಳುತ್ತಿದ್ದರು. ಪ್ರತಿ ಸಲ ಹೊರಗಿನ ನಲ್ಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದು ಬರುವುದು, ಕೆಳಗಿನ ರೆಪ್ಪೆ ಎಳೆದು ಹನಿ ಬಿಡುವುದು, ಐದು ನಿಮಿಷ ಕಾದು ಮುಂದಿನದು. ಅವರ ಬೆರಳ ತುದಿಗಳು ನೀರಲ್ಲಿ ನೆನೆದು ಬಿಳಿಚಿಕೊಂಡು ಸಿಪ್ಪೆ ಏಳುತ್ತಿದ್ದವು. ನನ್ನ ಬಲಗಣ್ಣಿಗೆ ಅದು ಚೆನ್ನಾಗಿ ಕಾಣುತ್ತಿತ್ತು.

ಒಂದು ರಾತ್ರಿ ನೋವು ತಡೆಯಲಾಗದೆ ಹಾಸಿಗೆಯ ಕಂಬಿ ಹಿಡಿದು ಕೂತಿದ್ದೆ. ಕಣ್ಣಿನ ಒತ್ತಡ ಏರಿತ್ತಂತೆ. ಮಾತ್ರೆ ಕೊಟ್ಟಿದ್ದರು, ಇಳಿಯಲು ಹೊತ್ತು ಬೇಕಿತ್ತು. ನಾನು ಅತ್ತೆ. ಗಂಡಸರು ಬರೆಯುವಾಗ "ಕಣ್ಣು ತುಂಬಿ ಬಂತು" ಅನ್ನುತ್ತಾರಲ್ಲ, ಹಾಗಲ್ಲ, ವಾರ್ಡಿಗೆಲ್ಲ ಕೇಳುವ ಹಾಗೆ ಅತ್ತೆ. ಈ ಕಣ್ಣು ಕಿತ್ತು ಹಾಕಲಿ, ಬೆಳಿಗ್ಗೆ ಡಾಕ್ಟರಿಗೆ ನೀವೇ ಹೇಳಿ ಅಂದೆ. ಮಗುವಿನ ಮುಖ ನೋಡುವ ಮೊದಲೇ ಹೀಗಾಯಿತಲ್ಲ ಅಂತ ಏನೇನೋ ಅಂದೆ.

ಅತ್ತಿಗೆ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. "ಹೇಳಿದರಾಯ್ತು ತಮಾ. ಮೂರು ಗಂಟೆಯ ಹನಿ ಹಾಕಿಬಿಡುತ್ತೇನೆ, ಆಮೇಲೆ ಹೇಳುವಾ" ಅಂದರು. ಹಾಕಿದರು. ನಾಲ್ಕಕ್ಕೂ ಅದೇ ಮಾತು, "ಇದೊಂದು ಹಾಕಿ ಆಮೇಲೆ." ನಡುವೆ ಊರ ಸುದ್ದಿ. ಯಾರ ಮನೆಯ ಎಮ್ಮೆ ಕರು ಹಾಕಿತು, ಯಾರು ಚಾಲಿ ಅಡಿಕೆಯನ್ನು ರೇಟು ಏರಲಿ ಅಂತ ಇಟ್ಟು ಕೆಟ್ಟರು, ಯಾವ ಮದುವೆಯಲ್ಲಿ ಹೋಳಿಗೆ ಕಡಿಮೆ ಬಿತ್ತು. ನಾನು ಒಂದಕ್ಕೂ ಹೂಂ ಅನ್ನಲಿಲ್ಲ. ಐದರ ಹೊತ್ತಿಗೆ ಒತ್ತಡ ಇಳಿದಿರಬೇಕು, ಕೂತಲ್ಲೇ ನಿದ್ದೆ ಬಂತು. ಅವರು ಆಗಲೂ ಮಲಗಲಿಲ್ಲ. ಆರಕ್ಕೆ ಹನಿ ಇತ್ತಲ್ಲ.

ಅತ್ತಿಗೆಗೆ ಥ್ಯಾಂಕ್ಸ್ ಅಂದರೆ ಬೈಸಿಕೊಳ್ಳುತ್ತೇನೆ. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ, ಯಾರಾದರೂ ಅವರಿಗೆ ಓದಿ ಹೇಳಿ.

ಹೈದರಾಬಾದಿಗೆ ಹೋಗಿದ್ದೂ ಅವರ ಹಟದಿಂದಲೇ. ಗಾಯ ಮಾಯ್ದ ಮೇಲೂ ಕರಿಗುಡ್ಡೆಯ ಮೇಲೆ ಬಿಳಿ ಪೊರೆ ಹಬ್ಬುತ್ತಲೇ ಇತ್ತು, ಕೈ ಆಡಿಸಿದರೆ ನೆರಳು ಮಾತ್ರ ತಿಳಿಯುತ್ತಿತ್ತು. ಹುಬ್ಬಳ್ಳಿಯವರೇ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ನೀವೂ ಕೇಳುತ್ತಿದ್ದಿರಿ. ರಾಜ್‌ಕುಮಾರ್ ಕಣ್ಣು ಕೊಟ್ಟರು, 2021ರಲ್ಲಿ ಪುನೀತ್ ಕೊಟ್ಟ ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತು, ಹಾಗೆ ನನಗೂ ಯಾರದೋ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಹಾಕಲಿಕ್ಕೆ ಆಗುವುದಿಲ್ಲವಾ?

ಹಾಕಿದರೂ ನಿಲ್ಲುವುದಿಲ್ಲ ಅಂದರು. ಕರಿಗುಡ್ಡೆ ಬಿಳಿಗುಡ್ಡೆ ಸೇರುವ ಅಂಚಿನಲ್ಲಿ ಸುತ್ತಲೂ ಕಾಂಡಕೋಶಗಳು ಇರುತ್ತವೆ. ಸವೆದು ಉದುರುವ ಮೇಲ್ಪದರವನ್ನು ಜೀವನ ಪೂರ್ತಿ ಹೊಸದಾಗಿ ಕೊಡುವವು ಅವೇ, ಬಿಳಿ ಭಾಗದ ಪೊರೆ ಒಳಗೆ ಬರದ ಹಾಗೆ ಬೇಲಿಯಾಗಿ ನಿಲ್ಲುವವೂ ಅವೇ. ನನ್ನ ಸುಣ್ಣ ಸುಟ್ಟಿದ್ದು ಆ ಬೇಲಿಯನ್ನು. ಬೇಲಿ ಇಲ್ಲದ ತೋಟಕ್ಕೆ ಹೊಸ ಗಿಡ ತಂದು ನೆಟ್ಟರೆ ಏನಾಗುತ್ತದೆ ಅಂತ ನಮಗೆ ಯಾರೂ ಕಲಿಸಬೇಕಿಲ್ಲ, ಅಲ್ವಾ?

ಆಗ ಅತ್ತಿಗೆ ನಡುವೆ ಬಾಯಿ ಹಾಕಿದರು, "ನನ್ನ ಕಣ್ಣಿನಿಂದ ತೆಗೆದುಕೊಳ್ಳಿ." ಕನ್ನಡದಲ್ಲೇ ಹೇಳಿದ್ದು. ಅಲ್ಲಿದ್ದ ರಾಯಚೂರಿನ ಹುಡುಗನೊಬ್ಬ ಅನುವಾದಿಸಿದ. ಡಾಕ್ಟರ್ ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದರು. ಎರಡೂ ಕಣ್ಣು ಹೋದವರಿಗೆ ಹಾಗೆ ಇನ್ನೊಬ್ಬರದು ಹಾಕುವುದುಂಟು, ಆದರೆ ದೇಹ ಅದನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳಬೇಕು, ಇವರ ಬಲಗಣ್ಣು ಚೆನ್ನಾಗಿದೆ, ಅದರಿಂದಲೇ ಆಗುತ್ತದೆ ಅಂದರು. ಅತ್ತಿಗೆಗೆ ಬೇಜಾರಾಯಿತು ಅಂತ ನನ್ನ ಅನುಮಾನ.

ಮಾಡಿದ್ದಿಷ್ಟು. ಉರಿಯೂತ ಪೂರ್ತಿ ತಣಿಯುವ ತನಕ ತಿಂಗಳುಗಟ್ಟಲೆ ಕಾದರು. ಕೆಂಡದಂಥ ಕಣ್ಣಿಗೆ ಏನು ಹಾಕಿದರೂ ಹಿಡಿಯುವುದಿಲ್ಲವಂತೆ. ಆಮೇಲೆ ಬಲಗಣ್ಣಿನ ಅಂಚಿನಿಂದ ಎರಡು ಮಿಲಿಮೀಟರ್ ಚೂರು ತೆಗೆದು, ಅದನ್ನು ಎಂಟು ಹತ್ತು ತುಣುಕು ಮಾಡಿ, ಎಡಗಣ್ಣಿನ ಪೊರೆ ಬಿಡಿಸಿ, ಅಲ್ಲಿ ಸುತ್ತಲೂ ಅಂಟಿಸಿದರು. ಮೇಲೊಂದು ಕಾಂಟ್ಯಾಕ್ಟ್ ಲೆನ್ಸ್. 1997ರಲ್ಲಿ ಇಟಲಿಯವರು ಈ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಹಾಕಿ ತೋರಿಸಿದರು, ಅದು ದುಬಾರಿ ದಾರಿ. ಲ್ಯಾಬೇ ಬೇಡ, ಕಣ್ಣಿನ ಮೇಲೇ ಬೆಳೆಯಲಿ ಅಂತ ಈ ಸರಳ ವಿಧಾನ ಹುಡುಕಿ 2012ರಲ್ಲಿ ಪ್ರಕಟಿಸಿದವರು ಆಗ ಇದೇ ಆಸ್ಪತ್ರೆಯಲ್ಲಿದ್ದ ವೀರೇಂದರ್ ಸಂಗ್ವಾನ್, ಸಯನ್ ಬಸು ಮತ್ತು ಅವರ ಜೊತೆಯವರು. 2016ರಲ್ಲಿ 125 ಜನರ ಲೆಕ್ಕ ಕೊಟ್ಟರು, ಶೇ. 76 ಗೆದ್ದಿತ್ತು. ಉಳಿದ 24ರಲ್ಲಿ ನಾನಿದ್ದರೆ ಅಂತ ಲೆಕ್ಕ ಹಾಕಿ ಹಾಕಿ ನಿದ್ದೆಗೆಟ್ಟಿದ್ದೇನೆ, ಅದು ಬೇರೆ ಮಾತು.

ಆ ತುಣುಕುಗಳ ಕೆಳಗೆ ಹಾಸಿದ್ದು ಒಬ್ಬ ಬಾಣಂತಿಯ ಮಾಸಿನ (ಪ್ಲಾಸೆಂಟಾದ) ತೆಳು ಪೊರೆ. ಸಿಸೇರಿಯನ್ ಆದವರು ಒಪ್ಪಿ ಕೊಟ್ಟದ್ದನ್ನು ಪರೀಕ್ಷೆ ಮಾಡಿ ಕಾಪಿಟ್ಟಿರುತ್ತಾರೆ. ಅದು ಉರಿಯೂತ ತಗ್ಗಿಸುತ್ತದೆ, ಹೊಸ ಕೋಶಗಳಿಗೆ ನೆಲವಾಗುತ್ತದೆ. ನಮ್ಮ ಕಡೆ ಹುಗಿದು ಮರೆಯುವ ವಸ್ತು ಅದು. ನನ್ನ ಮಗಳು ಹುಟ್ಟಿದ ಮೇಲೆ ಈ ವಿಷಯ ಕೇಳಿದ್ದಕ್ಕೋ ಏನೋ, ಆ ಹೆಂಗಸು ಯಾರು ಅಂತ ಬಹಳ ಯೋಚಿಸಿದೆ. ಯಾವ ಊರವರೋ. ತಾಯಿ ಮಗು ಚೆನ್ನಾಗಿರಲಿ.

ಕಾಯುವ ಹಾಲಿನಲ್ಲಿ ಒಬ್ಬ ಹುಡುಗ ಸಿಕ್ಕಿದ್ದ. ಶಾಲೆಗೆ ಸೇರುವ ವಯಸ್ಸೂ ಆಗಿರಲಿಲ್ಲ. ಎಲೆ ಅಡಿಕೆಯ ಸುಣ್ಣದ ಪ್ಯಾಕೆಟ್ ಹಿಡಿದು ಆಡುತ್ತಿದ್ದಾಗ ಅದು ಒಡೆದು ಮುಖಕ್ಕೆ ಸಿಡಿದಿತ್ತು. ಎರಡೂ ಕಣ್ಣು. ನನ್ನ ಶರ್ಟಿನ ಗುಂಡಿ ಮುಟ್ಟಿ ಮುಟ್ಟಿ ಎಣಿಸಿದ. ನನಗೆ ಬಲಗಣ್ಣು ಇದೆ ಅನ್ನುವುದಕ್ಕೇ ನಾಚಿಕೆಯಾಯಿತು. ನಾವು ಅಡಿಕೆ ಬೆಳೆದು ಮಾರುವವರು, ಆ ಪ್ಯಾಕೆಟ್ ಮಾರುವ ಅಂಗಡಿಯಲ್ಲಿ ನಮ್ಮದೇ ಅಡಿಕೆ ಇರುತ್ತದೆ. ಇದನ್ನು ಹೇಗೆ ಬರೆದು ಮುಗಿಸಬೇಕೋ ತಿಳಿಯುತ್ತಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಸುಣ್ಣದ ಡಬ್ಬಿ, ಪ್ಯಾಕೆಟ್ ಮೇಲಿಡಿ ಮಾರಾಯರೇ.

ಇನ್ನು ತೋಟ ನೋಡಿಕೊಂಡ ಅಣ್ಣ, ಕೇಳುವ ಮೊದಲೇ ಸಾಲ ಮಂಜೂರು ಮಾಡಿಸಿದ ಸೊಸೈಟಿಯವರು, ಆಸ್ಪತ್ರೆ ಹತ್ತಿರ ಕೋಣೆ ಹುಡುಕಿಕೊಟ್ಟ ಕಲಬುರಗಿಯ ಕುಟುಂಬ, ರಾತ್ರಿ ಪಾಳಿಯ ನರ್ಸಮ್ಮಂದಿರು, ಬಾಣಂತನದ ನಡುವೆಯೂ ಫೋನಿನಲ್ಲಿ ನಗುತ್ತಲೇ ಮಾತಾಡಿದ ನನ್ನ ಹೆಂಡತಿ, ಎಲ್ಲರಿಗೂ ನಮಸ್ಕಾರ. ಹೆಂಡತಿಗೆ ಒಂದೇ ಸಾಲು ಯಾಕೆ ಅಂತ ಕೇಳಬೇಡಿ, ಅವಳಿಗೆ ಬರೆದದ್ದು ಬೇರೆ ಇದೆ.

ಕಣ್ಣಿನ ಆಳದ ಪದರದಲ್ಲಿ ಸ್ವಲ್ಪ ಮಸುಕು ಉಳಿದಿದೆ. ಮುಂದೆ ಬೇಕಾದರೆ ಕಾರ್ನಿಯಾ ಕಸಿ ಮಾಡಬಹುದು, ಈಗ ಹಾಕಿದರೆ ನಿಲ್ಲುವ ಸಾಧ್ಯತೆ ಜಾಸ್ತಿ. ಹನಿ ಇನ್ನೂ ನಡೆಯುತ್ತಿದೆ. ಬೈಕ್ ಓಡಿಸಲು ಡಾಕ್ಟರ್ ಬಿಟ್ಟಿಲ್ಲ, ಮನೆಯವರಂತೂ ಬೀಗದ ಕೈಯನ್ನೇ ಅಡಗಿಸಿದ್ದಾರೆ. ಹಾಗಾಗಿ ನಮ್ಮ ಕಡೆಯಿಂದ ಶಿರಸಿ ಪೇಟೆಗೆ ಹೋಗುವವರು ಒಂದು ಫೋನ್ ಮಾಡಿ, ನಾನೂ ಬರುತ್ತೇನೆ. ಚಾ ಖರ್ಚು ನನ್ನದು.