ಮೊದಲು ಕಿವಿ ಕೊಡು, ತಮ್ಮಾ

ಮಾಟುಂಗ, ಮುಂಬಯಿ

ಪ್ರೀತಿಯ ತಮ್ಮನಿಗೆ,

ನಿನ್ನ ಪಾರ್ಸೆಲ್ ಬಂದು ಹದಿನೈದು ದಿನ ಆಯಿತು. ಮುಂಬಯಿಯ ನಾಟಕ ನಿರ್ದೇಶಕ ಸತ್ಯದೇವ ದುಬೆ ಬಗ್ಗೆ ನೀನು ಬರೆದ ಪುಸ್ತಕದ ಹಸ್ತಪ್ರತಿ. 312 ಪುಟ. ಎರಡು ಸಲ ಓದಿದೆ. ಒಂದು ಸಲ ಮನಸ್ಸಿನಲ್ಲೇ, ಇನ್ನೊಂದು ಸಲ ಬಾಯಿಬಿಟ್ಟು. ಎರಡನೇ ಸಲ ಓದುವಾಗ ನೂರು ಪುಟ ದಾಟುವುದೇ ಕಷ್ಟವಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಪುಟಗಳ ನಡುವೆ ನೀನಿಟ್ಟ ಚೀಟಿಯನ್ನು ಮೊದಲು ಓದಿದೆ. ಪ್ರಕಾಶಕರು ವಾಪಸ್ ಕಳಿಸಿದರು, ಸತ್ಯದೇವ ದುಬೆ ಯಾರು ಅಂತ ಕನ್ನಡದವರಿಗೆ ಯಾಕೆ ಬೇಕು ಅಂದರು, ಇನ್ನು ಬರೆಯೋದಿಲ್ಲ ಸರ್ ಅಂತ ಬರೆದಿದ್ದೀಯ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪುಣೆಯಲ್ಲಿ ಹಗಲೆಲ್ಲ ಬ್ಯಾಂಕಿನ ಕೆಲಸ ಮಾಡಿ, ರಾತ್ರಿ ಕೂತು ಮೂರು ವರ್ಷ ಇದನ್ನು ಬರೆದವನು ಒಂದೇ ಸಾಲಿನಲ್ಲಿ ಬಿಟ್ಟುಬಿಡುತ್ತೇನೆ ಅಂದರೆ ಹೇಗೆ?

ಬೇರೆ ಪ್ರಕಾಶಕರು ಯಾರು, ಅಧ್ಯಾಯ ಎಷ್ಟು ಉದ್ದ ಇರಬೇಕು, ಮುನ್ನುಡಿ ಯಾರಿಂದ ಬರೆಸಲಿ ಅಂತೆಲ್ಲ ಕೇಳಿದ್ದೀಯ. ಅದಕ್ಕೆ ಉತ್ತರ ಕೊಡುವವರು ತುಂಬಾ ಜನ ಸಿಗುತ್ತಾರೆ. ನಾನು ಕೊಡುವುದಿಲ್ಲ.

ಕನ್ನಡದವರಿಗೆ ಯಾಕೆ ಬೇಕು ಅಂದರಲ್ಲ, ಅದಕ್ಕೆ ಉತ್ತರ ನಿನ್ನ ಪುಸ್ತಕದಲ್ಲೇ ಇದೆ. 187ನೇ ಪುಟದಲ್ಲಿ, ಒಂದೇ ವಾಕ್ಯದಲ್ಲಿ: 'ಇವರು ಕಾರ್ನಾಡರ ನಾಟಕಗಳನ್ನೂ ಆಡಿಸಿದರು.' ಅಷ್ಟೇನಾ? ಸ್ವಲ್ಪ ಯೋಚನೆ ಮಾಡು. ಧಾರವಾಡದಲ್ಲಿ ಓದಿದ ಹುಡುಗನೊಬ್ಬ ಮುಂಬಯಿಗೆ ಬಂದು, ನಿರ್ದೇಶಕ ಎಬ್ರಾಹಿಂ ಅಲ್ಕಾಜಿ ಮಾಡಿಸಿದ ಸ್ಟ್ರಿಂಡ್‌ಬರ್ಗ್ ನಾಟಕ ನೋಡುತ್ತಾನೆ. ರಂಗದ ಮೇಲೆ ಬೆಳಕು ಮೆಲ್ಲಗೆ ಇಳಿಯುವುದನ್ನು ನೋಡಿ ಬೆರಗಾಗುತ್ತಾನೆ. ಇಂಗ್ಲಿಷ್ ಕವಿ ಆಗಬೇಕು ಅಂದುಕೊಂಡವನು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿಗೆ ಕನ್ನಡದಲ್ಲಿ 'ಯಯಾತಿ' ಬರೆದು ಕೂತಿರುತ್ತಾನೆ. ಅದೇ ಅಲ್ಕಾಜಿಯ ಥಿಯೇಟರ್ ಯುನಿಟ್ ತಂಡದಲ್ಲಿ ಬಿಲಾಸಪುರದ ಇನ್ನೊಬ್ಬ ಹುಡುಗ, ನಿನ್ನ ದುಬೆ. ಕ್ರಿಕೆಟ್ ಆಟಗಾರ ಆಗುತ್ತೇನೆ ಅಂತ ಮುಂಬಯಿಗೆ ಬಂದು ನಾಟಕಕ್ಕೆ ಸಿಕ್ಕಿಕೊಂಡವನು. 1962ರಲ್ಲಿ ಅಲ್ಕಾಜಿ ದಿಲ್ಲಿಯ ನಾಟಕ ಶಾಲೆಗೆ ಹೋದ ಮೇಲೆ ಆ ತಂಡವನ್ನು ಇವನೇ ನಡೆಸುತ್ತಾನೆ. ಧಾರವಾಡದ ಹುಡುಗನ 'ಯಯಾತಿ' ಇವನ ಕೈಗೆ ಸಿಕ್ಕಿ ಹಿಂದಿಯಲ್ಲಿ ರಂಗಕ್ಕೆ ಬರುತ್ತದೆ, ಅಮರೀಶ್ ಪುರಿಯ ಬಾಯಲ್ಲಿ. ಮುಂದೆ 'ಹಯವದನ' ಕೂಡ. ಆಮೇಲೆ ಇವರಿಬ್ಬರೂ ಶ್ಯಾಮ್ ಬೆನೆಗಲ್ ಜೊತೆ ಸೇರಿ 'ಭೂಮಿಕಾ' ಸಿನಿಮಾಕ್ಕೆ ಚಿತ್ರಕಥೆ ಬರೆಯುತ್ತಾರೆ. ರಾಷ್ಟ್ರಪ್ರಶಸ್ತಿಯೂ ಬರುತ್ತದೆ. ಇದು ನಮ್ಮ ಕಥೆ ಅಲ್ವಾ?

ಆದರೆ ನೀನು ಪದ್ಮಭೂಷಣದಿಂದ ಶುರು ಮಾಡಿದ್ದೀಯ. ಅದು ಬಂದದ್ದು 2011ರಲ್ಲಿ. ಅದೇ ಸೆಪ್ಟೆಂಬರಿನಲ್ಲಿ ಜುಹೂವಿನ ಪೃಥ್ವಿ ಥಿಯೇಟರಿನ ಕೆಫೆಯಲ್ಲಿ ದುಬೆ ಕುಸಿದರು. ಮತ್ತೆ ಪ್ರಜ್ಞೆ ಬರಲಿಲ್ಲ. ಡಿಸೆಂಬರ್ 25ಕ್ಕೆ ತೀರಿಕೊಂಡರು. ಹುಟ್ಟಿದ್ದು 1936ರಲ್ಲಿ. ಈ ಎರಡು ವರ್ಷಗಳ ನಡುವೆ ಇದ್ದ ಮನುಷ್ಯ ಏನು ಮಾಡಿದ? ನಾಟಕ ಆಡಿಸಿದ, ಸಿನಿಮಾ ಮಾಡಿದ ಅಂತ ನೀನು ಬರೆದಿದ್ದೀಯ. ಅದಕ್ಕೂ ಮೊದಲು ಅವನು ಓದಿದ, ತಮ್ಮಾ. ಬೇರೆಯವರು ಬರೆದದ್ದನ್ನು ಕಿವಿಯಿಟ್ಟು ಓದಿದ. ನಿನಗೆ ಹೇಳಬೇಕಾದದ್ದು ನನ್ನ ಹತ್ತಿರ ಇದೊಂದೇ.

ಹಿಂದಿ ಕವಿ ಧರ್ಮವೀರ ಭಾರತಿಯ 'ಅಂಧಾ ಯುಗ್' ಇದೆಯಲ್ಲ. ಕುರುಕ್ಷೇತ್ರದ ಕೊನೇ ದಿನದ ಕಥೆ. ಅದು ರೇಡಿಯೋದಲ್ಲಿ ಬಂದ ಪದ್ಯನಾಟಕ. ಅದನ್ನು ರಂಗದ ಮೇಲೆ ಆಡಬಹುದು ಅಂತ ಕಂಡದ್ದು ದುಬೆಗೆ. 1962ರಲ್ಲಿ ಮುಂಬಯಿಯಲ್ಲಿ ಆಡಿಸಿದರು. ಅಲ್ಕಾಜಿಯ ಗಮನಕ್ಕೂ ತಂದರು. ಮರುವರ್ಷ ಅಲ್ಕಾಜಿ ಅದನ್ನು ದಿಲ್ಲಿಯ ಫಿರೋಜ್ ಶಾ ಕೋಟ್ಲಾದ ಪಾಳು ಕೋಟೆಯಲ್ಲಿ ಆಡಿಸಿದರು. ಎಲ್ಲರೂ ಆ ಕೋಟೆಯನ್ನು ನೆನಪಿಟ್ಟುಕೊಂಡಿದ್ದಾರೆ. ನನಗೆ ದೊಡ್ಡದಾಗಿ ಕಾಣುವುದು ಅದನ್ನು ಮೊದಲು ಓದಿ, ಇದರಲ್ಲಿ ಉಸಿರಿದೆ ಅಂದ ಆ ಗಳಿಗೆ. ಬಂಗಾಳಿಯ ಬಾದಲ್ ಸರ್ಕಾರ್, ಮರಾಠಿಯ ತೆಂಡೂಲ್ಕರ್, ಕನ್ನಡದ ಕಾರ್ನಾಡ್, ಹಿಂದಿಯ ಮೋಹನ್ ರಾಕೇಶ್. ನಾಲ್ಕೂ ಭಾಷೆಯ ನಾಟಕಗಳು ಆ ಒಬ್ಬ ಮನುಷ್ಯನ ಕಿವಿಯನ್ನು ಹಾದುಹೋದವು. ಅದೂ ಅವರೆಲ್ಲ ದೊಡ್ಡ ಹೆಸರಾಗಿ ಪಠ್ಯಪುಸ್ತಕ ಸೇರುವುದಕ್ಕೆ ಎಷ್ಟೋ ಮುಂಚೆ.

ಈಗ ನಿನ್ನ ಬರಹಕ್ಕೆ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡ. ನೀನು ಈ ನಾಟಕಗಳನ್ನು ಓದಿಲ್ಲ. ಅವುಗಳ ಬಗ್ಗೆ ಬೇರೆಯವರು ಬರೆದದ್ದನ್ನು ಓದಿದ್ದೀಯ. ನಾನು ಬಾಯಿಬಿಟ್ಟು ಓದುವಾಗ ಅದು ಗೊತ್ತಾಯಿತು. 312 ಪುಟದಲ್ಲಿ ಒಬ್ಬರೂ ಮಾತಾಡುವುದಿಲ್ಲ. ಮಾತಿಗಾಗಿ ಜೀವ ತೇಯ್ದವನ ಪುಸ್ತಕ ಇದು. ಒಂದು ಶಬ್ದ ಸರಿಯಾಗಿ ಬೀಳದಿದ್ದರೆ ನಟರ ಮೇಲೆ ರೇಗುತ್ತಿದ್ದ ಮನುಷ್ಯ ಅವರು. ಆ ಸಿಟ್ಟನ್ನು ನೀನು 'ಶಿಸ್ತು' ಅಂತ ಬರೆದು ಮುಚ್ಚಿದ್ದೀಯ. ಮುಚ್ಚಬೇಡ. ಅಮರೀಶ್ ಪುರಿ ದುಬೆಗಿಂತ ನಾಲ್ಕು ವರ್ಷ ದೊಡ್ಡವರು. ನೌಕರರ ರಾಜ್ಯ ವಿಮಾ ನಿಗಮದಲ್ಲಿ ಕೆಲಸ ಮಾಡುತ್ತಾ ನಾಟಕಕ್ಕೆ ಬರುತ್ತಿದ್ದವರು. ಅಂಥವರು ತನಗಿಂತ ಚಿಕ್ಕವನನ್ನು ಗುರು ಅಂದರು. ಆ ಸಿಟ್ಟನ್ನೂ ಸಹಿಸಿ ಯಾಕೆ ಅಂದರು ಅಂತ ನೀನು ಕೇಳಿಕೊಳ್ಳಬೇಕಿತ್ತು.

ನಾನು ಕುಮಟಾ ಕಡೆಯಿಂದ ಬಂದ ಹೊಸತರಲ್ಲಿ ದಾದರಿನ ಛಬಿಲ್‌ದಾಸ್ ಶಾಲೆಗೆ ನಾಟಕ ನೋಡಲು ಹೋಗುತ್ತಿದ್ದೆ. 1974ರಿಂದ ಆವಿಷ್ಕಾರ್ ತಂಡದವರು ಆ ಶಾಲೆಯ ಹಾಲಿನಲ್ಲಿ ಪ್ರಯೋಗ ಶುರು ಮಾಡಿದ್ದರು. ಪಕ್ಕದಲ್ಲೇ ಸ್ಟೇಷನ್ನು, ಮಾರ್ಕೆಟ್ಟಿನ ಗಲಾಟೆ. ನಟರು ಕೈಗೆಟುಕುವಷ್ಟು ಹತ್ತಿರ. ನನಗೆ ಆಗ ಮರಾಠಿ ಅರ್ಧ ತಿಳಿಯುತ್ತಿತ್ತು, ಹಿಂದಿ ಮುಕ್ಕಾಲು. ಆದರೂ ಮಾತಿನ ತೂಕ ಗೊತ್ತಾಗುತ್ತಿತ್ತು. ಕೆಳಗಡೆ ಯಾರೋ ಕೊತ್ತಂಬರಿಗೆ ಚೌಕಾಸಿ ಮಾಡುತ್ತಿದ್ದರೂ ಆ ಹಾಲಿನಲ್ಲಿ ಪಿಸುಮಾತು ಕೇಳುತ್ತಿತ್ತು. ಎದುರಿಗಿದ್ದವರು ಅಷ್ಟು ಗಮನ ಕೊಟ್ಟು ಕೇಳುತ್ತಿದ್ದರು.

ಅಲ್ಲಿ ಕೂತು ಕಲಿತದ್ದನ್ನು ನಾನು ಮನೆಗೆ ತರಲಿಲ್ಲ. ಈ ಮಾತನ್ನು ಇದುವರೆಗೆ ಎಲ್ಲೂ ಬರೆದಿಲ್ಲ, ನಿನಗೆ ಬರೆಯುತ್ತಿದ್ದೇನೆ.

1979ರಲ್ಲಿ ಇಲ್ಲೇ ಹತ್ತಿರದ ಒಂದು ಹೋಟೆಲಿನಲ್ಲಿ ಕುಂದಾಪುರ ಕಡೆಯ ಹುಡುಗನೊಬ್ಬ ಕೆಲಸಕ್ಕಿದ್ದ. ಹಗಲು ಕಪ್ಪು-ಬಸಿ ತೊಳೆಯುವುದು, ಸಂಜೆ ಕನ್ನಡ ರಾತ್ರಿಶಾಲೆ. ನಾನು ಕಥೆ ಬರೆಯುತ್ತೇನೆ ಅಂತ ಯಾರೋ ಹೇಳಿದ್ದರು. ಒಂದು ದಿನ ನೋಟ್‌ಬುಕ್ ತಂದುಕೊಟ್ಟ. 'ನಾಟಕ ಬರ್ದಿದ್ದೆ, ಓದಿ ಹೇಳ್ತೀರಾ?' ಅಂದ. ಆಗಷ್ಟೇ ಒಂದು ಮಾಸಪತ್ರಿಕೆ ನನ್ನ ಮೊದಲ ಪುಸ್ತಕವನ್ನು ಬಹಳ ಹೊಗಳಿತ್ತು. ಹೊಗಳಿದವರು ಪುಸ್ತಕವನ್ನು ತೆರೆದೂ ನೋಡಿರಲಿಲ್ಲ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ಸಿಟ್ಟು ಇನ್ನೂ ಹೋಗಿಲ್ಲ. ಆದರೆ ನಾನು ಮಾಡಿದ್ದೂ ಅದನ್ನೇ. ಆ ಹುಡುಗ ಮೂರು ಸಲ ಕೇಳಿದ. ಮೂರನೇ ಸಲ 'ಓದಿದೆ, ಚೆನ್ನಾಗಿದೆ' ಅಂದುಬಿಟ್ಟೆ. ಅವನ ಮುಖ ಅರಳಿದ್ದು ಈಗಲೂ ಕಣ್ಣಮುಂದಿದೆ. ನೋಟ್‌ಬುಕ್ ನನ್ನ ಟ್ರಂಕಿನ ತಳದಲ್ಲಿತ್ತು.

ಎಂಟು ವರ್ಷದ ಮೇಲೆ ಮನೆ ಬದಲಾಯಿಸುವಾಗ ಅದು ಸಿಕ್ಕಿತು. ಸಾಮಾನು ಕಟ್ಟುವುದನ್ನು ಬಿಟ್ಟು ನೆಲದ ಮೇಲೆ ಕೂತು ಓದಿದೆ. ಹೋಟೆಲ್ ಮುಚ್ಚಿದ ಮೇಲೆ ಇಬ್ಬರು ಹುಡುಗರು ಮೇಜುಗಳ ಮೇಲೆ ಮಲಗಿಕೊಂಡು, ಕತ್ತಲೆಯಲ್ಲಿ, ಊರಿಗೆ ಏನಂತ ಕಾಗದ ಬರೆಯುವುದು ಅಂತ ಮಾತಾಡುತ್ತಾರೆ. ಒಬ್ಬ ಸುಳ್ಳು ಹೇಳಿಕೊಡುತ್ತಾನೆ, ಇನ್ನೊಬ್ಬ ಅದನ್ನು ತಿದ್ದುತ್ತಾನೆ. ಅಷ್ಟೇ ನಾಟಕ. ತಮ್ಮಾ, ನಾನು ಜೀವಮಾನದಲ್ಲಿ ಅಂಥದ್ದು ಬರೆದಿಲ್ಲ. ಮರುದಿನ ಹೋಟೆಲಿಗೆ ಓಡಿದೆ. ಯಜಮಾನರು ಬದಲಾಗಿದ್ದರು. ಆ ಹುಡುಗ ಯಾರು ಅಂತ ಒಬ್ಬರಿಗೂ ಗೊತ್ತಿರಲಿಲ್ಲ.

ಅದಕ್ಕೇ ನಿನಗೆ ಚೆನ್ನಾಗಿದೆ ಅಂತ ಬರೆಯಲು ನನ್ನ ಕೈ ಏಳುವುದಿಲ್ಲ. ಚೆನ್ನಾಗಿರುವುದು ನಿನ್ನ ಹಟ. ಚೆನ್ನಾಗಿರುವುದು 44ನೇ ಪುಟ. ತಾರ್ದೇವ್‌ನ ವಾಲ್‌ಚಂದ್ ಟೆರೇಸ್ ಹುಡುಕಿಕೊಂಡು ನೀನು ಮಳೆಯಲ್ಲಿ ನೆನೆದು ಹೋದದ್ದು, ಒಂದು ಕಾಲದಲ್ಲಿ ಅಲ್ಲಿ ದುಬೆಯ ನಾಟಕದ ತಾಲೀಮು ನಡೆಯುತ್ತಿತ್ತು ಅಂತ ನೆನೆದು ಸುಮ್ನೆ ನಿಂತದ್ದು. ಆ ಪುಟದಲ್ಲಿ ನೀನಿದ್ದೀಯ. ಉಳಿದ ಪುಟಗಳಲ್ಲಿ ಪ್ರಶಸ್ತಿಪತ್ರ ಇದೆ.

'ಶಾಂತತಾ! ಕೋರ್ಟ್ ಚಾಲೂ ಆಹೇ' ಬಗ್ಗೆ ನೀನು ಏಳು ಸಾಲು ಬರೆದಿದ್ದೀಯ. 1971ರ ಸಿನಿಮಾ, ದುಬೆ ನಿರ್ದೇಶನ, ಗೋವಿಂದ ನಿಹಲಾನಿ ಛಾಯಾಗ್ರಹಣ, ಸುಲಭಾ ದೇಶಪಾಂಡೆ ಅಭಿನಯ, ತೆಂಡೂಲ್ಕರರ 1967ರ ನಾಟಕ. ಎಲ್ಲ ಸರಿ. ಆದರೆ ಅದರಲ್ಲಿ ನಡೆಯುವುದೇನು? ನಾಟಕದವರು ಹೊತ್ತು ಕಳೆಯಲು ಒಂದು ಸುಳ್ಳು ಕೋರ್ಟ್ ಆಡುತ್ತಾರೆ. ಬೇಣಾರೆ ಎಂಬ ಶಾಲೆಯ ಟೀಚರನ್ನು ಆರೋಪಿ ಮಾಡುತ್ತಾರೆ. ಆಡುತ್ತಾ ಆಡುತ್ತಾ ಅವಳ ನಿಜವಾದ ಬದುಕನ್ನೇ ಎಳೆದು ಹರಿಯುತ್ತಾರೆ. ಮದುವೆಯಾಗದ ಹೆಣ್ಣು ಬಸುರಿ ಅಂತ. ಕೊನೆಗೆ ಅವಳು ಮಾತಾಡುತ್ತಾಳೆ. ತುಂಬಾ ಹೊತ್ತು ಮಾತಾಡುತ್ತಾಳೆ. ರಂಗದ ಮೇಲಿನ ಉಳಿದವರೆಲ್ಲ ಮರಗಟ್ಟಿ ನಿಂತಿರುತ್ತಾರೆ. ಅವಳ ಮಾತು ಅವರ್ಯಾರಿಗೂ ಮುಟ್ಟುವುದಿಲ್ಲ. ಕೇಳಿಸಿಕೊಳ್ಳುವವರು ಎದುರಿಗೆ ಕೂತ ನಾವು ಮಾತ್ರ. ಬಿಲಾಸಪುರದ ಹಿಂದಿಯವನು ತನ್ನ ಸಿನಿಮಾಕ್ಕೆ ಈ ಮರಾಠಿ ಹೆಂಗಸಿನ ಮಾತನ್ನೇ ಆರಿಸಿಕೊಂಡ. ನಿನ್ನ ಪುಸ್ತಕ ಇಲ್ಲಿಂದ ಶುರುವಾಗಬೇಕಿತ್ತು ಅಂತ ನನಗೆ ಅನಿಸುತ್ತದೆ.

ಬರುವ ಭಾನುವಾರ ಬೆಳಿಗ್ಗೆ ಡೆಕ್ಕನ್ ಕ್ವೀನ್ ಹಿಡಿ. ದಾದರಿನಲ್ಲಿ ಇಳಿದು ಸ್ಲೋ ಲೋಕಲ್ ಹತ್ತು, ಮುಂದಿನ ಸ್ಟೇಷನ್ನೇ ನಮ್ಮದು. ಊಟ ಇಲ್ಲೇ. ನಿನ್ನ 312 ಪುಟ ನನ್ನ ಹತ್ತಿರವೇ ಇರಲಿ. ಆ ನಾಟಕದ ಮರಾಠಿ ಪ್ರತಿ ತಗೊಂಡು ಬಾ, ನಿಮ್ಮ ಪುಣೆಯ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ. ಬೇಣಾರೆಯ ಮಾತನ್ನು ನೀನು ಜೋರಾಗಿ ಓದು, ನಾನು ಕೇಳುತ್ತೇನೆ. ಆಮೇಲೆ ಆ ಹುಡುಗನ ನೋಟ್‌ಬುಕ್ ತೆಗೆಯುತ್ತೇನೆ. ಅದರಲ್ಲಿ ಎರಡು ಪಾತ್ರ ಇದೆ. ಇಷ್ಟು ವರ್ಷ ಎರಡನ್ನೂ ನಾನೊಬ್ಬನೇ ಓದಿಕೊಂಡಿದ್ದೇನೆ.

ನಿನ್ನ ದಾರಿ ಕಾಯುತ್ತಿರುವ,
ಮಾಟುಂಗದ ಅಣ್ಣ