ಪುಟ್ಟ ವಿಮಾನಕ್ಕೆ ಬಾಗಿಲು ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಒಬ್ಬರೇ ಕೂತು ಹಾರುವ, ಸುತ್ತ ಮುಚ್ಚಿದ ಅಲ್ಟ್ರಾಲೈಟ್ (ತೀರಾ ಹಗುರ) ವಿಮಾನಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚಳಿ ಇಲ್ಲ, ಮುಖಕ್ಕೆ ಗಾಳಿ ರಾಚುವುದಿಲ್ಲ, ನೋಡಲೂ ಚೆಂದ ಎಂದು ಬರೆದಿದ್ದಾರೆ. ನಿಜವೇ. ಆದರೆ ವಿಮಾನಗಳ ರಿಪೇರಿ ಕೆಲಸದಲ್ಲೇ ದುಡಿದು ನಿವೃತ್ತನಾದ ನನಗೆ ಕ್ಯಾಬಿನ್ ಅಂದರೆ ಬರೀ ಸುಖದ ವಸ್ತು ಅನ್ನಿಸುವುದಿಲ್ಲ. ಅದನ್ನು ಸೇರಿಸಿದ ಕೂಡಲೇ ವಿಮಾನದ ಗುಣವೇ ಬದಲಾಗುತ್ತದೆ. ಲೇಖನದಲ್ಲಿ ಆ ಮಾತೇ ಇರಲಿಲ್ಲ.

ತೂಕವನ್ನೇ ನೋಡಿ. ಅಮೆರಿಕದ 1982ರ ‘ಪಾರ್ಟ್ 103’ ನಿಯಮದ ಪ್ರಕಾರ ಎಂಜಿನ್ ಇರುವ ಅಲ್ಟ್ರಾಲೈಟ್‌ನ ಖಾಲಿ ತೂಕ 254 ಪೌಂಡ್‌ಗಿಂತ, ಅಂದರೆ ಸುಮಾರು 115 ಕಿಲೋಗಿಂತ ಕಡಿಮೆ ಇರಬೇಕು. ತುರ್ತು ಪ್ಯಾರಾಚೂಟ್‌ಗೆ ಅದರಲ್ಲಿ ವಿನಾಯಿತಿ ಇದೆ. ಬಾಗಿಲು, ವಿಂಡ್‌ಶೀಲ್ಡ್‌ಗೆ ಇಲ್ಲ. ಕ್ಯಾಬಿನ್‌ಗೆ ಹಾಕಿದ ಒಂದೊಂದು ಕಿಲೋವನ್ನೂ ಬೇರೆಲ್ಲೋ ಉಳಿಸಬೇಕು. ರೆಕ್ಕೆಯ ಭಾರ ಹೊರುವ ತೊಲೆಯಾದ ಸ್ಪಾರ್‌ನಲ್ಲೋ ಚಕ್ರದ ಕಾಲಿನಲ್ಲೋ ಉಳಿಸಲು ಹೋದರೆ ಏನು ಗತಿ? ಗಾಳಿಯ ಎಳೆತ ಕಡಿಮೆಯಾಗಿ ವೇಗ ಸಿಗುತ್ತದಲ್ಲ ಅನ್ನಬಹುದು. ಆದರೆ ಅದೇ ನಿಯಮ ಸಮತಟ್ಟು ಹಾರಾಟದ ವೇಗಕ್ಕೆ 55 ನಾಟ್, ಅಂದರೆ ಗಂಟೆಗೆ ಸುಮಾರು 102 ಕಿಲೋಮೀಟರ್ ಮಿತಿ ಹಾಕಿದೆ. ಲಾಭವೇನಿದ್ದರೂ ಪೆಟ್ರೋಲ್ ಉಳಿತಾಯದಲ್ಲಿ, ಮೇಲೇರುವ ಶಕ್ತಿಯಲ್ಲಿ.

ನನಗೆ ಜಾಸ್ತಿ ಚಿಂತೆ ತೆರೆದ ವಿಮಾನಕ್ಕೆ ಆಮೇಲೆ ಕ್ಯಾಬಿನ್ ಕಟ್ಟುವವರದ್ದು. ನನ್ನ ಪರಿಚಯದ ಹುಡುಗನೊಬ್ಬ ಈಗ ಅದೇ ಕೆಲಸದಲ್ಲಿದ್ದಾನೆ. ಮೂತಿಯ ಎರಡೂ ಬದಿ ಹಾಳೆ ಮುಚ್ಚಿದರೆ ತೂಕದ ಕೇಂದ್ರದ ಮುಂದೆ ಗಾಳಿಗೆ ಒಡ್ಡಿದ ಮೈ ಹೆಚ್ಚುತ್ತದೆ. ಬಾಣ ನೆಟ್ಟಗೆ ಹೋಗುವುದು ಗರಿ ಹಿಂದಿರುವುದರಿಂದ ಅಲ್ವಾ? ಮುಂದೆಯೂ ಗರಿ ಕಟ್ಟಿದರೆ ಮೂತಿ ಅಡ್ಡಡ್ಡ ತಿರುಗಲು ನೋಡುತ್ತದೆ. ಹಾಗಾಗಿ ಬಾಲದ ಮೇಲೆ ನೆಟ್ಟಗೆ ನಿಂತ ಫಿನ್ ದೊಡ್ಡದು ಮಾಡಬೇಕಾಗಬಹುದು. ಇನ್ನೊಂದು ನಷ್ಟವೂ ಇದೆ. ತೆರೆದ ಸೀಟಿನಲ್ಲಿ ವಿಮಾನ ಪಕ್ಕಕ್ಕೆ ಜಾರಿದರೆ ಕೆನ್ನೆಗೆ ಬಡಿಯುವ ಗಾಳಿಯೇ ಹೇಳುತ್ತದೆ. ಒಳಗೆ ಕೂತವನಿಗೆ ಅದು ತಿಳಿಯದು. ಎಂಜಿನ್ ಹಿಂದಿರುವ ವಿಮಾನವಾದರೆ ವಿಂಡ್‌ಶೀಲ್ಡ್ ಮೇಲೆ ಒಂದು ಉಣ್ಣೆ ದಾರ ಅಂಟಿಸಿ, ಪಕ್ಕಕ್ಕೆ ಜಾರಿದರೆ ಅದು ಓರೆಯಾಗಿ ತೋರಿಸುತ್ತದೆ. ಖರ್ಚಿಲ್ಲದ ಒಳ್ಳೆಯ ಉಪಾಯ.

ಎಂಜಿನ್ ಮುಂದಿದ್ದರೆ ಹೊಗೆಯ ಭಯ. ಅದರಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಬೆಂಕಿತಡೆ ಗೋಡೆಯಾದ ಫೈರ್‌ವಾಲ್‌ನಲ್ಲಿ ಕೇಬಲ್ ಹೋಗುವ ತೂತುಗಳನ್ನು ಸರಿಯಾಗಿ ಮುಚ್ಚಬೇಕು. ಕ್ಯಾಬಿನ್ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆಯಿದ್ದರೆ ಬಾಲದ ಕಡೆಯ ಸಂದಿಯಿಂದಲೂ ಹೊಗೆ ಒಳಗೆ ಎಳೆದುಕೊಳ್ಳುತ್ತದೆ. ಗಾಳಿ ಬರಲು ಕಿಂಡಿ ಇಟ್ಟರೆ ಸಾಲದು, ಹೋಗಲೂ ದಾರಿ ಬೇಕು.

ಇನ್ನು ಬಾಗಿಲು. ಕೀಲು ಮುಂದಿದ್ದರೆ ಚಿಲಕ ಸಡಿಲವಾದರೂ ಎದುರುಗಾಳಿ ಬಾಗಿಲನ್ನು ಒತ್ತಿಹಿಡಿಯುತ್ತದೆ. ಹಿಂದಿದ್ದರೆ ಕಿತ್ತು ಬಿಸಾಡುತ್ತದೆ. ಕೆಳರೆಕ್ಕೆಯ ವಿಮಾನದಲ್ಲಿ ಮೇಲಕ್ಕೆ ತೆರೆಯುವ ಕ್ಯಾನೊಪಿ (ತಲೆಯ ಮೇಲಿನ ಪಾರದರ್ಶಕ ಮುಚ್ಚಳ) ನೋಡಲು ಸೊಗಸು. ಗದ್ದೆಯಲ್ಲಿ ಇಳಿಯುವಾಗ ಚಕ್ರ ಸಿಕ್ಕಿ ವಿಮಾನ ಬೋರಲಾದರೆ ಅದು ನೆಲಕ್ಕೆ ಒತ್ತಿಕೊಂಡು ತೆರೆಯುವುದೇ ಇಲ್ಲ. ಪೆಟ್ರೋಲ್ ಸೋರುತ್ತಿರುತ್ತದೆ, ತಲೆ ಕೆಳಗಾಗಿರುತ್ತದೆ. ತಲೆ ಕಾಯುವ ಗಟ್ಟಿ ಕಂಬಿ, ಕೈಗೆಟಕುವ ಜಾಗದಲ್ಲಿ ಕ್ಯಾನೊಪಿ ಒಡೆಯುವ ಸುತ್ತಿಗೆ ಇರಲೇಬೇಕು. ಅದಕ್ಕೇ ನನಗೆ ಮೇಲ್ರೆಕ್ಕೆ, ಎರಡೂ ಬದಿ ಬಾಗಿಲು ಇರುವ ವಿನ್ಯಾಸ ಇಷ್ಟ. ತಿರುಗುವಾಗ ರೆಕ್ಕೆ ಕಣ್ಣಿಗೆ ಅಡ್ಡ ಬರುತ್ತದೆ, ಒಪ್ಪುತ್ತೇನೆ. ಚಾವಣಿಗೆ ಪಾರದರ್ಶಕ ಹಾಳೆ ಹಾಕಿ. ಪಾಲಿಕಾರ್ಬೊನೇಟ್ ಆದರೆ ಪೆಟ್ರೋಲ್ ತಾಗಿಸಬೇಡಿ, ಸಣ್ಣ ಬಿರುಕು ಬಿಡುತ್ತದೆ.

ಮುಂದೆ ಇಂಥ ವಿಮಾನದ ಬಗ್ಗೆ ಬರೆಸುವಾಗ ನಿಮ್ಮ ಲೇಖಕರು ತಯಾರಕರನ್ನು ಒಂದು ಮಾತು ಕೇಳಲಿ: ವಿಮಾನ ಮಗುಚಿದರೆ ಒಳಗಿರುವವನು ಸೀಟ್‌ಬೆಲ್ಟ್ ಬಿಚ್ಚಿ, ಯಾರ ಸಹಾಯವೂ ಇಲ್ಲದೆ, ಯಾವ ಕಡೆಯಿಂದ ಹೊರಬರುತ್ತಾನೆ? ಸಿಕ್ಕ ಉತ್ತರವನ್ನು ದಯವಿಟ್ಟು ಅಚ್ಚು ಹಾಕಿ.

ಇಂತಿ ನಿಮ್ಮ ಓದುಗ,
ನಿವೃತ್ತ ವಿಮಾನ ತಂತ್ರಜ್ಞ